ಗುಟ್ಟಿನ ಕಾಯ್ದೆಗೆ ಮುಪ್ಪಿಲ್ಲ

ರಕ್ಷಣಾ ಖರೀದಿಯ ಲೆಕ್ಕ ಕೇಳಿದವರ ದೇಶಭಕ್ತಿಯನ್ನೇ ತಕ್ಕಡಿಗೆ ಹಾಕುವ ಟಿ.ವಿ. ಚರ್ಚೆಗಳು ಈ ವಾರವೂ ನಿಂತಿಲ್ಲ. ಲೆಕ್ಕ ಕೇಳುವುದಕ್ಕೆಂದೇ ಸಂಸತ್ತು ಸಮಿತಿಗಳನ್ನು ಇಟ್ಟುಕೊಂಡಿದೆ ಎಂಬುದು ಆ ಚರ್ಚೆಗಳಲ್ಲಿ ಕೂರುವವರಿಗೆ ತಿಳಿಯದ್ದೇನಲ್ಲ. ತಿಳಿದೂ ಆ ಮಾತನ್ನೆತ್ತದಿರುವುದೇ ಕಿರಿಕಿರಿ. ಇಲಾಖೆಗಳ ಅನುದಾನದ ಬೇಡಿಕೆ ಮತ್ತು ಮಸೂದೆಗಳನ್ನು ಪರಿಶೀಲಿಸುವ ಸ್ಥಾಯಿ ಸಮಿತಿಗಳು 1993ರಲ್ಲಿ 17 ಇದ್ದು 2004ರಲ್ಲಿ 24ಕ್ಕೆ ಏರಿದವು. ರಕ್ಷಣೆಗೊಂದು, ಗೃಹ ಇಲಾಖೆಗೊಂದು ಸಮಿತಿಯಿದ್ದು, ಪ್ರತಿಯೊಂದರಲ್ಲೂ ಲೋಕಸಭೆಯ 21 ಮತ್ತು ರಾಜ್ಯಸಭೆಯ 10 ಸದಸ್ಯರು ಮುಚ್ಚಿದ ಬಾಗಿಲೊಳಗೆ ಸೇರುತ್ತಾರೆ. ಅವರ ಶಿಫಾರಸನ್ನು ಒಪ್ಪಲೇಬೇಕೆಂಬ ಕಟ್ಟು ಸರ್ಕಾರಕ್ಕಿಲ್ಲ. ಗುಪ್ತಚರ ದಳ ಮತ್ತು 1968ರಲ್ಲಿ ರಚನೆಯಾದ 'ರಾ' ಮೇಲೆ ಕಣ್ಣಿಡುವ ಪ್ರತ್ಯೇಕ ಸಂಸದೀಯ ಸಮಿತಿಯಂತೂ ಇಲ್ಲವೇ ಇಲ್ಲ. ಬ್ರಿಟನ್ 1994ರಲ್ಲೇ ಕಾನೂನು ಮಾಡಿ ಅಂಥದೊಂದನ್ನು ರಚಿಸಿಕೊಂಡಿತು. ಇಲ್ಲಿ ಮನೀಶ್ ತಿವಾರಿ 2011ರಲ್ಲಿ ತಂದ ಖಾಸಗಿ ಮಸೂದೆ ಕಾನೂನಾಗಲಿಲ್ಲ.

ಇರುವ ಸಮಿತಿಗಳ ಪಾಡೇನು ಎಂಬುದಕ್ಕೆ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರ ಅನುಭವವೇ ಸಾಕು. ಸರ್ಕಾರ ಮಾಡಿದ ಖರ್ಚನ್ನು ಮಹಾಲೇಖಪಾಲರ ವರದಿಯ ಆಧಾರದಲ್ಲಿ ತಪಾಸಣೆ ಮಾಡುವ, 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುತ್ತ ಬಂದಿರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ 2018ರ ಡಿಸೆಂಬರ್‌ನಲ್ಲಿ ಅವರು ಅಧ್ಯಕ್ಷರಾಗಿದ್ದರು. ರಫೇಲ್ ವಿಮಾನಗಳ ಬೆಲೆಯ ಕುರಿತ ವರದಿಯನ್ನು ಈ ಸಮಿತಿ ಪರಿಶೀಲಿಸಿಯಾಗಿದೆ ಎಂದು ಡಿ. 14ರ ಸುಪ್ರೀಂ ಕೋರ್ಟ್ ತೀರ್ಪು ಹೇಳಿದಾಗ, ಅಂಥ ವರದಿ ತಮ್ಮ ಮುಂದೆ ಬಂದೇ ಇಲ್ಲವೆಂದು ಅಧ್ಯಕ್ಷರೇ ಪತ್ರಕರ್ತರಿಗೆ ಹೇಳಬೇಕಾಯಿತು. ಮುಚ್ಚಿದ ಲಕೋಟೆಯಲ್ಲಿ ತಾನು ಬರೆದುಕೊಟ್ಟದ್ದನ್ನು ನ್ಯಾಯಾಲಯ ತಪ್ಪಾಗಿ ಓದಿಕೊಂಡಿತೆಂದು ಸರ್ಕಾರ ಮರುದಿನವೇ ತಿದ್ದುಪಡಿ ಅರ್ಜಿ ಹಾಕಿತು. ವರದಿ ಸಂಸತ್ತಿನ ಮುಂದೆ ಬಂದದ್ದು 2019ರ ಫೆ. 13ರಂದು, ಅದೂ ಬೆಲೆಯ ಅಂಕಿಗಳನ್ನು ಮರೆಮಾಡಿ. 'ದಿ ಹಿಂದೂ' ಪತ್ರಿಕೆ ಪ್ರಕಟಿಸಿದ ಕಡತಗಳು ಕದ್ದವು ಎಂದು ಮುಂದಿನ ತಿಂಗಳು ಅಟಾರ್ನಿ ಜನರಲ್ ನ್ಯಾಯಾಲಯದಲ್ಲಿ ವಾದಿಸುತ್ತ 1923ರ ಅಧಿಕೃತ ರಹಸ್ಯ ಕಾಯ್ದೆಯನ್ನು ಝಳಪಿಸಿದರು. ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಆಕ್ಷೇಪವನ್ನು ತಳ್ಳಿಹಾಕಿತು. ನವೆಂಬರ್‌ನಲ್ಲಿ ಮರುಪರಿಶೀಲನಾ ಅರ್ಜಿಗಳೇ ವಜಾ ಆದದ್ದು ಬೇರೆ ಮಾತು. ಸಮಿತಿಯ ಅಧ್ಯಕ್ಷರಿಗೇ ಕಾಣದ ವರದಿಯನ್ನು ಸಮಿತಿ ನೋಡಿದೆಯೆಂದು ತೀರ್ಪಿನಲ್ಲಿ ಅಚ್ಚಾಗುವ ಮಟ್ಟಿಗೆ ಗುಟ್ಟು ಬೆಳೆದಿತ್ತು ಎಂಬುದು ಅದರಿಂದ ಅಳಿಸಿಹೋಗುವುದಿಲ್ಲ.

ವಿಟ್ಲ ಸೀಮೆಯ ಓದುಗರಿಗೆ ಈ ರಹಸ್ಯ ಕಾಯ್ದೆಯ ಕಥೆ ಇನ್ನೂ ಹತ್ತಿರದ್ದು, ಏಕೆಂದರೆ ಅದನ್ನು ರದ್ದು ಮಾಡಿ ಎಂದು ಅಧಿಕೃತವಾಗಿ ಬರೆದುಕೊಟ್ಟವರು ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಹುಟ್ಟಿದ ಎಂ. ವೀರಪ್ಪ ಮೊಯ್ಲಿ. ಕರಾವಳಿಯಲ್ಲಿ ಅವರ ಹೆಸರು ಹೇಳಿದರೆ ಜನ ಎತ್ತಿನಹೊಳೆ ಯೋಜನೆಯನ್ನು ನೆನೆದು ಸಿಟ್ಟಾಗುತ್ತಾರೆ, ಸಾಹಿತ್ಯಾಸಕ್ತರು ಐದು ಸಂಪುಟಗಳ 'ಶ್ರೀರಾಮಾಯಣ ಅನ್ವೇಷಣಂ' ಕಾವ್ಯವನ್ನು ನೆನೆಯುತ್ತಾರೆ. ಅವರ ಅಧ್ಯಕ್ಷತೆಯಲ್ಲಿ 2005ರಲ್ಲಿ ನೇಮಕವಾದ ಎರಡನೇ ಆಡಳಿತ ಸುಧಾರಣಾ ಆಯೋಗದ 15 ವರದಿಗಳನ್ನು ನೆನೆಯುವವರು ವಿರಳ. ಮಾಹಿತಿ ಹಕ್ಕನ್ನು ಕುರಿತ ಅದರ ಮೊದಲ ವರದಿ 2006ರ ಜೂನ್‌ನಲ್ಲಿ ಬಂತು. ಸರ್ಕಾರದ ಕಾಗದವೆಲ್ಲವೂ ಗುಟ್ಟು ಎಂದು ಬಗೆಯುವ ಬ್ರಿಟಿಷರ ಕಾಲದ ಈ ಕಾಯ್ದೆಯನ್ನು ತೆಗೆದು, ನಿಜವಾಗಿ ಕಾಪಾಡಬೇಕಾದ ರಹಸ್ಯಗಳಿಗೆ ಮಾತ್ರ ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ಒಂದು ಅಧ್ಯಾಯ ಸೇರಿಸಿದರೆ ಸಾಕು ಎಂಬುದು ಅದರ ಶಿಫಾರಸು. ಆಗಿನ ಯುಪಿಎ ಸರ್ಕಾರ ಅದನ್ನು ಒಪ್ಪಲಿಲ್ಲ. ಇಷ್ಟಕ್ಕೇ ಮುಗಿದಿದ್ದರೆ ಮೊಯ್ಲಿಯವರ ಮೇಲೆ ಮರುಕ ಹುಟ್ಟಬಹುದಿತ್ತು. ಆದರೆ 2009ರಲ್ಲಿ ಅವರೇ ಕೇಂದ್ರ ಕಾನೂನು ಸಚಿವರಾದರು, ಖಾತೆಗಳು ಬದಲಾದರೂ 2014ರವರೆಗೆ ಸಂಪುಟದಲ್ಲಿದ್ದರು, ಮತ್ತು ಅವರು ಮರಣಶಾಸನ ಬರೆದ ಕಾಯ್ದೆ ಆ ಐದೂ ವರ್ಷ ಗಟ್ಟಿಮುಟ್ಟಾಗಿಯೇ ಇತ್ತು.

ಇಲ್ಲಿಯ ಜನಕ್ಕೆ ಲೆಕ್ಕ ಕೇಳುವುದು ಹೊಸತಲ್ಲ. ವಿಟ್ಲದ ಪಕ್ಕದ ಅಡ್ಯನಡ್ಕ ಕಡೆಯ ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಕಟ್ಟಿದ ಸಹಕಾರ ಸಂಘ ಕ್ಯಾಂಪ್ಕೋದ ಮಹಾಸಭೆಯಲ್ಲಿ ಅಡಿಕೆ ಬೆಳೆಗಾರ ಸದಸ್ಯನೊಬ್ಬ ಎದ್ದುನಿಂತು ಖರ್ಚಿನ ವಿವರ ಕೇಳಿದರೆ, ಆತ ಸಂಘದ ವೈರಿಗಳ ಕಡೆಯವನೆಂದು ವೇದಿಕೆಯಲ್ಲಿದ್ದವರು ಹೇಳಲಾರರು. ದೆಹಲಿಯ ವಿಷಯಕ್ಕೆ ಬಂದಾಗ ಮಾತ್ರ ಅದೇ ಬೆಳೆಗಾರ ಬಾಯಿ ಮುಚ್ಚಿಕೊಳ್ಳಬೇಕೆಂಬ ನಿರೀಕ್ಷೆ ಬೆಳೆದಿದೆ. 2008ರ ಮರುವಿಂಗಡಣೆಯಲ್ಲಿ ತನ್ನ ಹೆಸರಿನ ವಿಧಾನಸಭಾ ಕ್ಷೇತ್ರವನ್ನೇ ಕಳೆದುಕೊಂಡು, ತಾಲ್ಲೂಕಿಗೆ ಬಂಟ್ವಾಳ, ಮತಕ್ಕೆ ಪುತ್ತೂರು ಎಂದು ಹಂಚಿಹೋದ ಪೇಟೆಗೆ ಅಷ್ಟು ದೂರದ ಉಸಾಬರಿ ಏಕೆಂದು ಕೇಳುವವರೂ ಇರಬಹುದು. ತೆರಿಗೆ ಕಟ್ಟುವಾಗ ಆ ದೂರ ಯಾರಿಗೂ ಅಡ್ಡ ಬಂದಿಲ್ಲ.

ಭಾರತೀಯ ದಂಡ ಸಂಹಿತೆಯನ್ನು ವಸಾಹತುಶಾಹಿಯ ಪಳೆಯುಳಿಕೆಯೆಂದು ಕರೆದು 2024ರ ಜುಲೈ 1ರಿಂದ ಅದರ ಜಾಗದಲ್ಲಿ ನ್ಯಾಯ ಸಂಹಿತೆಯನ್ನು ತಂದವರು, ಅದಕ್ಕೆ ಹಿಂದಿನ ವರ್ಷವಷ್ಟೇ ನೂರು ತುಂಬಿದ್ದ ರಹಸ್ಯ ಕಾಯ್ದೆಯನ್ನು ಮುಟ್ಟಲಿಲ್ಲ. ಬ್ರಿಟಿಷರು ಬಿಟ್ಟುಹೋದದ್ದರಲ್ಲಿ ಇದೊಂದು ಮಾತ್ರ ಅವರ ಕಣ್ಣಿಗೆ ಅಪ್ಪಟ ಸ್ವದೇಶಿಯಾಗಿ ಕಂಡಿರಬೇಕು.