ನೀರಿಗೆ ವಾಟ, ತಂತಿಗೆ ನೆಲ

ಈ ತಿಂಗಳು ಹಿತವಚನಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಮ್ಮ ತೊರಪಲ್ಲಿ ಅಗ್ರಹಾರ ಹೊಸೂರಿನ ಪಕ್ಕದ ಊರು. ರಾಜಾಜಿಯವರು 1878ರಲ್ಲಿ ಜನಿಸಿದ ಊರೆಂದರೆ ಹೊರಗಿನವರಿಗೆ ಬೇಗ ಗುರುತಾಗುತ್ತದೆ. ಕಳೆದ ಬೇಸಗೆಯಲ್ಲಿ, ಕಾಯಿಲೆಯಿಂದ ಬಳಲಿದ್ದ ನಮ್ಮ ಅಕ್ಕನ ಕೋಣೆಗೆ ಎ.ಸಿ. ಯಂತ್ರವೊಂದನ್ನು ಹಾಕಿಸಿದೆ. ಕೂರಿಸಲು ಬಂದವನು ನನ್ನ ಹಳೆಯ ವಿದ್ಯಾರ್ಥಿ. "ಸಾರ್, ಇನ್ನೊಂದು ಗಂಟೆ ಬೇಕು" ಎಂದ. "ರಾಹುಕಾಲ ಬರುವುದರೊಳಗೆ ಮುಗಿಸಪ್ಪಾ" ಎಂದು ಅವಸರಪಡಿಸಿದವನು ನಾನೇ.

ಹತ್ತು ದಿನ ಎಲ್ಲವೂ ಸುಖವಾಗಿತ್ತು. ಹನ್ನೊಂದನೆಯ ದಿನ ಗೋಡೆಯ ಮೇಲೆ ನೀರಿನ ಗೆರೆಯೊಂದು ಇಳಿದು, ಮಂಚದ ಬಳಿಯ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯನ್ನು ಮುಟ್ಟಿದುದನ್ನು ಯಾರೂ ಗಮನಿಸಲಿಲ್ಲ. ದೀಪ ಹಾಕಲು ಕೈ ಚಾಚಿದ ಅಕ್ಕ ಚೀರಿಕೊಂಡಳು. ಕೈ ಜುಮ್ಮೆಂದುದಷ್ಟೇ, ಹೆಚ್ಚಿನ ಅನಾಹುತವಾಗಲಿಲ್ಲ. ಓಡಿಹೋಗಿ ಮೆಯಿನ್ ಆರಿಸಿ, ಹುಡುಗನನ್ನು ಮತ್ತೆ ಕರೆಸಿದೆ.

ಪರೀಕ್ಷಿಸಿದಾಗ ಎರಡು ದೋಷಗಳು ಕಂಡವು. ಗೋಡೆಗೆ ಕೊರೆದ ರಂಧ್ರ ಒಳಮುಖವಾಗಿ ವಾಲಿತ್ತು. ಆದುದರಿಂದ ನೀರಿನ ಕೊಳವೆ ಹೊರಗೆ ಹೋಗುವ ಮುನ್ನ ಎರಡು ಬೆರಳಿನಷ್ಟು ಮೇಲೇರುತ್ತಿತ್ತು. ಎರಡನೆಯದಾಗಿ, ಸ್ವಿಚ್ಚಿನ ಪೆಟ್ಟಿಗೆಗೆ ಸೇರಬೇಕಾದ ಅರ್ತ್ ತಂತಿ ಎಲ್ಲಿಗೂ ಸೇರದೆ ಒಳಗೆ ಮುದುಡಿ ಕುಳಿತಿತ್ತು. ನೀರು ತಗ್ಗಿಗೆ ಹರಿಯುತ್ತದೆಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವನ ಮನೆಯಲ್ಲಿ ನೀರನ್ನು ಏರು ಹತ್ತಿಸಲು ಹೊರಟಿದ್ದೆವು!

ಎ.ಸಿ.ಯಿಂದ ನೀರು ಬರುವುದು ದೋಷವೆಂದು ಹಲವರು ಭಾವಿಸಿದ್ದಾರೆ. ಅದು ದೋಷವಲ್ಲ, ಯಂತ್ರದ ಧರ್ಮ. ತಣ್ಣನೆಯ ಮಜ್ಜಿಗೆ ತುಂಬಿದ ಚೆಂಬಿನ ಹೊರಮೈಯಲ್ಲಿ ಹನಿಗಳು ಮೂಡುವಂತೆ, ಗಾಳಿಯಲ್ಲಿರುವ ತೇವ ಯಂತ್ರದ ತಣ್ಣನೆಯ ಸುರುಳಿಯ ಮೇಲೆ ನೀರಾಗುತ್ತದೆ. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಈ ಏರ್ಪಾಡನ್ನು ರೂಪಿಸಿದ್ದೇ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ತೇವವನ್ನು ತಡೆಯಲು. ಅಲ್ಲಿ ಕಾಗದ ತೇವಕ್ಕೆ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದೇ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಹೀಗೆ ಕೂಡಿದ ನೀರಿಗೆ ದಾರಿ ಬೇಕು. ನಮ್ಮ ಗಾರೆಯವರು ವಾಟವೆನ್ನುವುದನ್ನೇ ತಮಿಳಿನ ಕೆಲಸಗಾರರು ವಾಟ್ಟಂ ಎನ್ನುತ್ತಾರೆ. ಮಾತು ಎರಡಾದರೂ ನೀರಿನ ನಿಯಮ ಒಂದೇ. ನೂರು ಅಂಗುಲ ಉದ್ದಕ್ಕೆ ಒಂದು ಅಂಗುಲವಾದರೂ ಇಳಿತವಿರಲಿ. ಕೊಳವೆಯ ತುದಿ ನೀರಿನೊಳಗೆ ಮುಳುಗಿರಬಾರದು. ಚರಂಡಿಯ ಪೈಪಿಗೆ ನೇರವಾಗಿ ಸೇರಿಸಿದರೆ ದುರ್ವಾಸನೆ ಕೋಣೆಗೆ ಬರುತ್ತದೆ. ಕೆಲಸ ಮುಗಿಯುವ ಮುನ್ನ ಒಳಗಿನ ತಟ್ಟೆಗೆ ಮೆಲ್ಲಗೆ ಒಂದು ಲೀಟರ್ ನೀರು ಹೊಯ್ಯಿಸಿ, ಅಷ್ಟೂ ಹೊರಗೆ ಬಂದಿತೇ ಎಂದು ನೀವೇ ನಿಂತು ನೋಡಿರಿ. ಈ ನೀರು ಗಿಡಕ್ಕೆ ಆದೀತು, ಕುಡಿಯಲು ಸಲ್ಲದು.

ನಮ್ಮ ಮಕ್ಕಳು ಅನೇಕರು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಏರ್ ಹ್ಯಾಂಡ್ಲರ್ ಎಂಬ ದೊಡ್ಡ ಪೆಟ್ಟಿಗೆಯೊಂದು ಅಟ್ಟದಲ್ಲೋ ಮೂಲೆಯ ಗೂಡಿನಲ್ಲೋ ಕುಳಿತು ಇಡೀ ಮನೆಗೆ ಗಾಳಿ ಕಳುಹಿಸುತ್ತದೆ. ಸುರುಳಿಯ ಮೂಲಕ ಗಾಳಿಯನ್ನು ಎಳೆಯುವಂತೆ ಫ್ಯಾನಿದ್ದರೆ, ಅದು ನೀರಿನ ಕೊಳವೆಯಿಂದಲೂ ಗಾಳಿಯನ್ನು ಒಳಕ್ಕೆ ಹೀರಿ ನೀರನ್ನು ತಡೆದು ನಿಲ್ಲಿಸುತ್ತದೆ. ಆದುದರಿಂದ ಕೊಳವೆಯನ್ನು ಒಂದೆಡೆ ಬಗ್ಗಿಸಿ, ಆ ಬಾಗಿನಲ್ಲಿ ಸದಾ ನೀರು ನಿಲ್ಲುವಂತೆ ಮಾಡುತ್ತಾರೆ. ಅಟ್ಟದಲ್ಲಿಟ್ಟ ಯಂತ್ರದ ಕೆಳಗೆ ಇನ್ನೊಂದು ತಟ್ಟೆಯನ್ನೂ, ನೀರು ಏರಿದರೆ ಯಂತ್ರವನ್ನು ನಿಲ್ಲಿಸುವ ತೇಲುವ ಸ್ವಿಚ್ಚನ್ನೂ ಇಡುವುದು ಕ್ಷೇಮಕರ.

ಚಳಿಗಾಲಕ್ಕೆಂದು ಅದೇ ಪೆಟ್ಟಿಗೆಯಲ್ಲಿ ವಿದ್ಯುತ್ತಿನಿಂದ ಕಾಯುವ ಸುರುಳಿಗಳೂ ಇರುವುದುಂಟು. 240 ವೋಲ್ಟಿನಲ್ಲಿ 5 ಕಿಲೋವ್ಯಾಟಿನ ಸುರುಳಿ ಸುಮಾರು 21 ಆಂಪಿಯರ್ ಎಳೆಯುತ್ತದೆ. ಅದಕ್ಕೆ ತಕ್ಕ ದಪ್ಪ ತಂತಿಯೂ ತನ್ನದೇ ಬ್ರೇಕರೂ ಬೇಕು. ಫ್ಯಾನು ನಿಂತಾಗ ಸುರುಳಿ ಕೆಂಪಾಗಿ ಕಾಯುವುದರಿಂದ, ಉಷ್ಣ ಮಿತಿಮೀರಿದರೆ ಕಡಿಯುವ ಸ್ವಿಚ್ಚನ್ನು ಎಂದಿಗೂ ತೆಗೆದುಹಾಕಬಾರದು.

ಇನ್ನು ಬಣ್ಣದ ವಿಷಯ. ಇದು ಗಡಿಯ ನಮಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ಗಡಿ ದಾಟಿದರೆ ಮಾತಿನ ಅರ್ಥ ಬದಲಾಗುವಂತೆ ತಂತಿಯ ಬಣ್ಣದ ಅರ್ಥವೂ ಬದಲಾಗುತ್ತದೆ. ನಮ್ಮಲ್ಲಿ ಹಸಿರು ಅರ್ತ್. ಕಪ್ಪು, ಸಾಮಾನ್ಯವಾಗಿ ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪು ತಂತಿಯಲ್ಲೇ ವಿದ್ಯುತ್ತು ಹರಿಯುತ್ತಿರುತ್ತದೆ. ಥರ್ಮೋಸ್ಟಾಟಿನ 24 ವೋಲ್ಟಿನ ಸಣ್ಣ ತಂತಿಗಳಲ್ಲಂತೂ, ರೂಢಿಯಂತೆ ಹಸಿರು ಫ್ಯಾನಿಗೆ, ಹಳದಿ ತಂಪಿಗೆ, ಬಿಳಿ ಬಿಸಿಗೆ. ಅಲ್ಲಿಗೂ ಬಣ್ಣವೊಂದನ್ನೇ ನಂಬದೆ, ತಂತಿ ಯಾವ ಅಕ್ಷರದ ತಿರುಪಿಗೆ ಸೇರಿದೆಯೆಂದು ನೋಡಬೇಕು. ಊರಿನಲ್ಲಿ ಕಲಿತ ಬಣ್ಣವನ್ನು ನಂಬಿ ಅಲ್ಲಿ ಕೈಯಿಡುವುದು, ಅಲ್ಲಿಯದನ್ನು ನೋಡಿ ಬಂದು ಇಲ್ಲಿ ಕೈಯಿಡುವುದು, ಎರಡೂ ಅಪಾಯಕರ. ಮೊದಲು ಮೆಯಿನ್ ಆರಿಸಿರಿ, ಬಲ್ಲವರನ್ನು ಕರೆಯಿರಿ.

ಈಗ ನಮ್ಮ ಮನೆಯಲ್ಲಿ ರಂಧ್ರವನ್ನು ಹೊರಮುಖವಾಗಿ ಕೊರೆಸಿದ್ದೇನೆ. ಅರ್ತ್ ತಂತಿಯನ್ನು ಸೇರಿಸಿ, 30 ಮಿಲಿಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಆರ್‌ಸಿಸಿಬಿ ಹಾಕಿಸಿದ್ದೇನೆ. ಈ ಸಲ ಹುಡುಗ ಎರಡು ಗಂಟೆ ತೆಗೆದುಕೊಂಡ. ನಾನು ಗಡಿಯಾರ ನೋಡಲಿಲ್ಲ. ಅಕ್ಕ ಮಾತ್ರ ಇಂದಿಗೂ ದೀಪ ಹಾಕಬೇಕಾದರೆ ನನ್ನನ್ನೇ ಕೂಗುತ್ತಾಳೆ. ನಾನು ಎದ್ದು ಹೋಗುತ್ತೇನೆ.