‘ಮತ್ತು ಸಂಗಡಿಗರು’ ಅಂದರೆ ಯಾರು?

ಕೊಳ್ಳೇಗಾಲ ತಾಲ್ಲೂಕಿನ ಕುಂತೂರು ಎಂದರೆ ಈಗಿನವರಿಗೆ ನೆನಪಾಗುವುದು ಸಕ್ಕರೆ ಕಾರ್ಖಾನೆ. ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಕಥೆ ಹಾಡುವ ದೇವರಗುಡ್ಡರ ಲೆಕ್ಕವೇ ಬೇರೆ. ಸುತ್ತೂರು ಮಠ ಬಿಟ್ಟ ಮಾದಪ್ಪ ಮಲೆ ಹತ್ತುವ ಮೊದಲು ಕುಂತೂರು ಮಠಕ್ಕೆ ಬಂದ ಎಂದು ಅವರು ಹಾಡುತ್ತಾರೆ. ಕಂಸಾಳೆ ಹಿಡಿದು ಇರುಳೆಲ್ಲ ಹಾಡುತ್ತಿದ್ದ ಆ ಕಥೆ ಕ್ಯಾಸೆಟ್ಟಿಗೆ ಇಳಿದಾಗ ಅದಕ್ಕೊಂದು ಮುಖ ಬೇಕಾಯಿತು. ಅಂಗಡಿ ಗೋಡೆಯ ಪೋಸ್ಟರ್, ಡಬ್ಬಿಯೊಳಗಿನ ಕಾರ್ಡು, ಈಗ ಯೂಟ್ಯೂಬಿನ ಥಂಬ್‌ನೇಲ್, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮುಖ. ನಡುವೆ ಹುಲಿಯ ಮೇಲೆ ಕೂತ ಮಾದಪ್ಪ, ಹಿಂದೆ ಬೆಟ್ಟದ ಸಾಲು, ಮೇಲೆ ಹಳದಿಯಿಂದ ಕೆಂಪಿಗೆ ತಿರುಗುವ ದಪ್ಪಕ್ಷರ, ಕೆಳಮೂಲೆಯಲ್ಲಿ ಶಾಲು ಹೊದ್ದ ಗಾಯಕ.

ಓದಿದವರು ಇದನ್ನು ಕಂಡು ಮೂಗು ಮುರಿಯುವುದುಂಟು. ಆದರೆ ಈ ರೂಢಿಗಳಲ್ಲಿ ಹೆಚ್ಚಿನವು ಅಭಿರುಚಿಯಿಂದ ಹುಟ್ಟಿದವಲ್ಲ. ಯಾರು ನೋಡುತ್ತಾರೆ, ಎಷ್ಟು ದೂರದಿಂದ ನೋಡುತ್ತಾರೆ, ಏನು ಕಂಡರೆ ಕೊಳ್ಳುತ್ತಾರೆ ಎಂಬ ಲೆಕ್ಕದಿಂದ ಹುಟ್ಟಿದವು.

ಹಾಡಿನ ತಟ್ಟೆಗೆ ಚಿತ್ರದ ಹೊದಿಕೆ ಮೊದಲಿನಿಂದಲೂ ಇರಲಿಲ್ಲ. ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿದ್ದ ಅಲೆಕ್ಸ್ ಸ್ಟೈನ್‌ವೈಸ್ 1940ರಲ್ಲಿ ಆಲ್ಬಮ್ಮಿಗೆ ಚಿತ್ರ ಬರೆದು ಆ ರೂಢಿ ಹಾಕುವ ತನಕ ಮಾಮೂಲಿ ಬೋಳು ರಟ್ಟೇ ಗತಿ. ಎಲ್‌ಪಿ ಬಂದ ಮೇಲೆ ಕಲಾವಿದನಿಗೆ ಮೂವತ್ತು ಸೆಂಟಿಮೀಟರಿನ ಚೌಕ ಸಿಕ್ಕಿತು. ಪಿಂಕ್ ಫ್ಲಾಯ್ಡ್ ತಂಡ 1973ರಲ್ಲಿ ಮುಂದಿನ ರಟ್ಟಿನ ಮೇಲೆ ತನ್ನ ಹೆಸರನ್ನೇ ಹಾಕದೆ ಬರೀ ಒಂದು ಗಾಜಿನ ಪಟ್ಟಕ ತೋರಿಸಿ ಗೆದ್ದಿತು. ನಮ್ಮ ಕ್ಯಾಸೆಟ್ ಕಾರ್ಡಿಗೆ ಆ ಐಷಾರಾಮ ಎಲ್ಲಿಂದ ಬರಬೇಕು? ಅದರ ಮುಂಭಾಗ ಸುಮಾರು ಹತ್ತು ಸೆಂಟಿಮೀಟರ್ ಉದ್ದ, ಆರೂವರೆ ಅಗಲ. ಅಷ್ಟರಲ್ಲೇ ದೇವರು, ಹುಲಿ, ಬೆಟ್ಟ, ಗಾಯಕ, ಕಂಪನಿಯ ಗುರುತು ಎಲ್ಲ ಹಿಡಿಸಬೇಕು. ಅದನ್ನೇ ಹಿಗ್ಗಿಸಿದರೆ ಪೋಸ್ಟರ್.

ಯಾರನ್ನು ದೊಡ್ಡದು ಮಾಡಬೇಕು ಎನ್ನುವುದರಲ್ಲಿ ಕನ್ನಡದೊಳಗೇ ಬೇರೆ ಬೇರೆ ಪದ್ಧತಿಗಳಿವೆ. ಸಿನಿಮಾ ಕ್ಯಾಸೆಟ್ಟಿನಲ್ಲಿ ನಾಯಕನ ಮುಖ. ಹಾಡಿದವರು ಹಿಂಬದಿಯ ಪಟ್ಟಿಯಲ್ಲಿ. ಸುಗಮ ಸಂಗೀತದಲ್ಲಿ ಕವಿಗೆ ಮೊದಲ ಮಣೆ. 1978ರ ‘ನಿತ್ಯೋತ್ಸವ’ವನ್ನು ಜನ ಇವತ್ತಿಗೂ ನಿಸಾರ್ ಅಹಮದರ ಕ್ಯಾಸೆಟ್ ಎಂದೇ ಹೇಳುತ್ತಾರೆ, ರಾಗ ಹಾಕಿದ ಮೈಸೂರು ಅನಂತಸ್ವಾಮಿಯವರ ಹೆಸರು ಆಮೇಲೆ. ಭಕ್ತಿ–ಜಾನಪದದಲ್ಲಿ ದೇವರು. ಅದಕ್ಕೆ ಕಾರಣವಿದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಅಂಗಡಿ ಮುಂದೆ ನಿಂತವರು ಮೊದಲು ಹುಡುಕುವುದು ತಮ್ಮ ಮನೆದೇವರನ್ನು. ಮಾದಪ್ಪನ ಒಕ್ಕಲಿನವರಿಗೆ ಹುಲಿ ಕಾಣಬೇಕು. ಚಿಕ್ಕಲ್ಲೂರಿಗೆ ಹೋಗುವ ಸಿದ್ಧಪ್ಪಾಜಿ ಒಕ್ಕಲಿನವರಿಗೆ ಅವನ ಗುರುತುಗಳಾದ ಕಂಡಾಯ, ನಾಗಬೆತ್ತ ಕಾಣಬೇಕು. ಅಕ್ಷರ ಬಾರದವರಿಗೂ ಅಷ್ಟು ಸಾಕು. ಮಳವಳ್ಳಿ ಮಹದೇವಸ್ವಾಮಿಯವರಂತೆ ಹೆಸರು ಮಾಡಿದವರಾದರೆ ಮಾತ್ರ ಮೂಲೆಯ ಫೋಟೊ ತುಸು ನಡುವಿಗೆ ಸರಿಯುತ್ತದೆ, ಏಕೆಂದರೆ ಆಗ ಹೆಸರೂ ಮಾಲು ಮಾರುತ್ತದೆ.

ಅಕ್ಷರದ ಕಷ್ಟ ಬೇರೆಯೇ ಇದೆ. ‘ಸಿದ್ಧಪ್ಪಾಜಿ’ ಎಂದು ಬರೆದು ನೋಡಿ. ಎರಡು ಒತ್ತು ಒಟ್ಟಿಗೇ ಕೆಳಗೆ ಇಳಿಯುತ್ತವೆ. ಅದರಡಿ ಇನ್ನೊಂದು ಸಾಲು ಕೂರಿಸಿದರೆ ಆ ಸಾಲಿನ ಗುಡಿಸು, ತಲೆಕಟ್ಟು ಈ ಒತ್ತಿಗೆ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಈ ತಾಪತ್ರಯವಿಲ್ಲ. ಕೈಬರಹದ ಕಲಾವಿದರು ಇದನ್ನೇ ಲಾಭ ಮಾಡಿಕೊಂಡರು. ‘ಮಹದೇಶ್ವರ’ದ ವ-ಒತ್ತನ್ನು ಬಳ್ಳಿಯಂತೆ ಎಳೆದು ಹೆಸರಿನ ಬುಡಕ್ಕೆಲ್ಲ ಹಾಸಿದರು, ಅಕ್ಷರವೇ ಅಲಂಕಾರವಾಯಿತು. ಕಂಪ್ಯೂಟರ್ ಬಂದ ಮೇಲೆ ಸಿಕ್ಕಿದ ಒಂದೆರಡು ದಪ್ಪ ಫಾಂಟುಗಳಿಗೆ ನೆರಳು, ಬಿಳಿ ಅಂಚು ಹಚ್ಚಿ ಮುಗಿಸುವುದು ಸುಲಭವಾಯಿತು. ನನಗಂತೂ ಹಳೆಯ ಕೈಬರಹವೇ ಮೇಲು.

ಹೆಸರಿನ ಕೆಳಗೆ ಸಾಮಾನ್ಯವಾಗಿ ಇದು ಕಥೆಯ ಯಾವ ತುಂಡು ಎಂದು ಹೇಳುವ ಇನ್ನೊಂದು ಪಂಕ್ತಿ ಇರುತ್ತದೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಭಾಗ 1, ಭಾಗ 2. ಇದೂ ಬೇಕಾಗಿಯೇ ಬಂದದ್ದು. ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ನಿಮಿಷ, ಕಥೆಯೋ ರಾತ್ರಿಗಟ್ಟಲೆ. ಯಾವ ತುಂಡು ಕೊಳ್ಳುತ್ತಿದ್ದೇವೆ ಎಂದು ತಿಳಿಯದಿದ್ದರೆ ಕೊಂಡದ್ದನ್ನೇ ಮತ್ತೆ ಕೊಳ್ಳಬೇಕಾಗುತ್ತದೆ.

ಇಷ್ಟೆಲ್ಲ ಒಪ್ಪುತ್ತೇನೆ. ನನ್ನ ತಕರಾರು ಗಾಯಕನ ಹೆಸರಿನ ಬಾಲದಲ್ಲಿ ಬರುವ ‘ಮತ್ತು ಸಂಗಡಿಗರು’ ಎಂಬ ಎರಡು ಪದಗಳ ಮೇಲೆ. ಕಂಸಾಳೆಯ ಹಾಡು ಒಬ್ಬರ ಹಾಡಲ್ಲ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದರಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಎರಡೂ ಕೂಡಿದಾಗಲೇ ಪದಕ್ಕೆ ನಡೆ ಬರುವುದು. ಮುಂದಿನವರು ಎತ್ತಿಕೊಟ್ಟ ಸೊಲ್ಲನ್ನು ಹಿಂದಿನವರು ಹಿಡಿಯದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಹಾಗಿದ್ದೂ ಹಿಮ್ಮೇಳದವರ ಹೆಸರು ಕಾರ್ಡಿನಲ್ಲಿ ಅಪರೂಪ.

ಇದಕ್ಕೆ ಕಾನೂನಿನ ಕಡೆಯಿಂದಲೂ ಒಂದು ವಿವರಣೆ ಇದೆ. 1984ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯಿದೆಗೆ 52ಎ ಸೆಕ್ಷನ್ ಸೇರಿತು. ಧ್ವನಿಮುದ್ರಿಕೆಯ ಮೇಲೂ ಅದರ ಡಬ್ಬಿಯ ಮೇಲೂ ತಯಾರಕರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇರಲೇಬೇಕು ಎಂದು ಅದು ಹೇಳಿತು. ಹಾಡಿದವರ ಹೆಸರು ಆ ಪಟ್ಟಿಯಲ್ಲಿಲ್ಲ. ಕಂಪನಿಯ ವಿಳಾಸ ಚಾಚೂ ತಪ್ಪದೆ ಅಚ್ಚಾಯಿತು, ತಾಳ ಹಾಕಿದವರು ‘ಸಂಗಡಿಗರು’ ಆಗಿ ಉಳಿದರು. 2012ರಲ್ಲಿ ಬಂದ 38ಬಿ ಸೆಕ್ಷನ್ ಮಾತ್ರ ಕಲಾವಿದರಿಗೆ ತಮ್ಮನ್ನು ಗುರುತಿಸಿ ಎಂದು ಕೇಳುವ ಹಕ್ಕು ಕೊಟ್ಟಿದೆ. ಬಳಕೆಯ ರೀತಿಯಿಂದಾಗಿ ಹೆಸರು ಬಿಡಲೇಬೇಕಾದ ಸಂದರ್ಭಕ್ಕೆ ಅದರಲ್ಲಿ ವಿನಾಯಿತಿಯೂ ಉಂಟು.

ಕಾರ್ಡಿನಲ್ಲಿ ಜಾಗವಿಲ್ಲ ಎಂಬುದು ಹಿಂದೆ ನಿಜವೂ ಆಗಿತ್ತು. ಥಂಬ್‌ನೇಲ್ ಇನ್ನೂ ಇಕ್ಕಟ್ಟು. ಫೋನಿನಲ್ಲಿ ಅದು ಬೆರಳುದ್ದದ ಚಿತ್ರ, ಬಲಗಡೆಯ ಕೆಳಮೂಲೆಯನ್ನು ವಿಡಿಯೊದ ಅವಧಿ ತೋರಿಸುವ ಕಪ್ಪು ಚೌಕ ನುಂಗುತ್ತದೆ. ಗಾಯಕನ ಹೆಸರನ್ನು ಹಳೇ ರೂಢಿಯಂತೆ ಅಲ್ಲೇ ಬರೆದರೆ ಅದೂ ಮುಚ್ಚಿಹೋಗುತ್ತದೆ. ಡಿಸೈನ್ ಮಾಡುವ ಹುಡುಗರು ಹೆಸರನ್ನು ಎಡಕ್ಕೋ ಮೇಲಕ್ಕೋ ಒಯ್ಯುವುದು ಒಳ್ಳೆಯದು. ನಾಲ್ಕು ಪದಕ್ಕಿಂತ ಹೆಚ್ಚು ಹಾಕಿದರೆ ಯಾವುದೂ ಓದಲು ಬರುವುದಿಲ್ಲ.

ಹಿಮ್ಮೇಳದವರ ಹೆಸರಿಗೆ ಜಾಗ ಇರುವುದು ಚಿತ್ರದ ಕೆಳಗಿನ ವಿವರಣೆಯಲ್ಲಿ. ಅಲ್ಲಿ ಐದು ಸಾವಿರ ಅಕ್ಷರಗಳವರೆಗೆ ಬರೆಯಬಹುದು. ತಾಳದವರು, ದನಿಗೂಡಿಸಿದವರು, ಅವರವರ ಊರು, ಎಲ್ಲ ಸೇರಿ ಮುನ್ನೂರು ಅಕ್ಷರ ದಾಟದು. ಕಂಪನಿಗಳು ಅದರಲ್ಲಿ ತಮ್ಮ ಬೇರೆ ವಿಡಿಯೊಗಳ ಕೊಂಡಿ ತುಂಬುತ್ತಿವೆ. ರೆಕಾರ್ಡಿಂಗ್ ಮುಗಿದ ದಿನವೇ ಸಂಭಾವನೆಯ ರಸೀದಿಯ ಜೊತೆ ಹೆಸರಿನ ಪಟ್ಟಿಯನ್ನೂ ಬರೆಸಿಕೊಂಡರೆ ಕೆಲಸ ಮುಗಿಯಿತು.