ಗೃಹಸ್ಥರಿಗೆ ಕಿವಿಮಾತು: ಹಳೆಯ ಸ್ಪೋರ್ಟ್ಸ್ ಕಾರು

ನಂದಿನಿ ಲೇಔಟ್‌ನ ತರುಣರೊಬ್ಬರು ತಮ್ಮ ಉಳಿತಾಯದ ಹಣದಲ್ಲಿ ಹಳೆಯ ಸ್ಯಾನ್ ಸ್ಟಾರ್ಮ್ ಕಾರನ್ನು ಕೊಳ್ಳಬಯಸಿ ಸಲಹೆ ಕೋರಿದ್ದಾರೆ. ಬೆಂಗಳೂರಿನ ಸ್ಯಾನ್ ಸಂಸ್ಥೆಯು 1998ರಲ್ಲಿ ಹೊರತಂದ, ಎರಡೇ ಆಸನಗಳ ಈ ತೆರೆದ ಕಾರಿನ ತಯಾರಿಕೆ ನಿಂತು ವರ್ಷಗಳಾಗಿವೆ. ಆದುದರಿಂದ ಕೊಳ್ಳುವುದು ಸುಲಭ, ಸಾಕುವುದು ಕಷ್ಟ.

ಫೈಬರ್‌ಗ್ಲಾಸಿನ ಮೈಗೆ ತುಕ್ಕು ಹಿಡಿಯದು. ಅದರಡಿಯ ಉಕ್ಕಿಗೆ ಹಿಡಿಯುವುದು. ಬಣ್ಣದ ಹೊಳಪಿಗೆ ಮರುಳಾಗದೆ, ಗಾಡಿಯನ್ನು ಮೇಲೆತ್ತಿಸಿ ನುರಿತ ಮೆಕ್ಯಾನಿಕರಿಂದ ತಳವನ್ನು ಪರೀಕ್ಷಿಸಿರಿ. 1149 ಸಿ.ಸಿ.ಯ ಎಂಜಿನ್ ರೆನಾಲ್ಟ್ ಸಂಸ್ಥೆಯದು. ಗಾಡಿ ಓಡದೆ ನಿಂತಿದ್ದರೂ ಟೈಮಿಂಗ್ ಬೆಲ್ಟಿನ ರಬ್ಬರು ಹಳತಾಗುವುದರಿಂದ ಕೊಂಡೊಡನೆ ಅದನ್ನು ಬದಲಿಸುವುದು ಲೇಸು. ಗಾಜು, ದೀಪಗಳು ಒಡೆದಿದ್ದರೆ ಬಿಡಿಭಾಗ ದೊರೆಯುವುದೇ ಎಂದು ಮೊದಲೇ ವಿಚಾರಿಸಿರಿ.

ಚಾಸಿ, ಎಂಜಿನ್ ಸಂಖ್ಯೆಗಳು ಆರ್.ಸಿ. ಪುಸ್ತಕದೊಡನೆ ತಾಳೆಯಾಗಬೇಕು. ನೋಂದಣಿಯ 15 ವರ್ಷ ಮುಗಿದಿದ್ದರೆ ನವೀಕರಣವಾಗಿರಬೇಕು. ಸಾಲದ ನಮೂದು ತೀರಿರಬೇಕು. ಕೊಂಡ 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಸಾರಿಗೆ ಕಚೇರಿಯಲ್ಲಿ ಅರ್ಜಿ ಸಲ್ಲಿಸಿರಿ.

ಕೈಯಲ್ಲಿರುವುದನ್ನೆಲ್ಲ ಬೆಲೆಗೇ ಸುರಿಯದೆ ಮೂರರಲ್ಲೊಂದು ಪಾಲನ್ನು ದುರಸ್ತಿಗೆ ಮೀಸಲಿಡಿ. ತಂಗಿಯ ಓದಿಗೆಂದು ಕೂಡಿಟ್ಟ ಹಣಕ್ಕೆ ಕೈಹಾಕಬೇಕಾದೀತೆಂದರೆ ಈ ವರ್ಷ ಕಾರು ಬೇಡ. ಕಾದು ಕೊಳ್ಳುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.